ಅಂದಾಜಕ್ಕನ ಸೊನ್ನೆ

ಆಕೆಯ ಬಾಯಿಂದ ಒಂಟಿ ಸಂಖ್ಯೆ ಹೊರಬಿದ್ದದ್ದನ್ನು ನಾನು ಹತ್ತೊಂಬತ್ತು ವರ್ಷಗಳಲ್ಲಿ ಎರಡೇ ಎರಡು ಸಲ ಕೇಳಿದ್ದೇನೆ. ಆ ಎರಡೂ ಒಂದೇ ವಾರದಲ್ಲಿ. ಉಳಿದಂತೆ ಆಕೆಯ ಸಂಖ್ಯೆಗಳು ಯಾವಾಗಲೂ ಜೋಡಿಯಾಗಿಯೇ ಓಡಾಡುತ್ತಿದ್ದವು. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ "ಒಂದರಿಂದ ಒಂದೂವರೆ ಚಮಚ". ಮನೆಗೆ ಹೊರಡುವುದು ಎಷ್ಟು ಹೊತ್ತಿಗೆ ಎಂದರೆ "ಆರರಿಂದ ಏಳೂಕಾಲು". ಅರ್ಜಿಯೊಂದನ್ನು ತುಂಬುತ್ತಿದ್ದ ಗುಮಾಸ್ತ ವಯಸ್ಸು ಕೇಳಿದಾಗ ಕೂಡ, "ಅಮ್ಮ ಹೇಳೋ ತಾರೀಖು ಒಂದು, ಶಾಲೇಲಿ ಬರೆಸಿದ್ದು ಇನ್ನೊಂದು. ನಲವತ್ತಾರರಿಂದ ನಲವತ್ತೇಳು ಅಂತ ಬರ್ಕೊಳ್ಳಿ" ಎಂದು ನಿರ್ವಿಕಾರವಾಗಿ ಉತ್ತರಿಸಿದ್ದಳು. ಗುಮಾಸ್ತ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಅವತ್ತಿನಿಂದ ಇಡೀ ಕಚೇರಿಗೆ ಆಕೆ ಅಂದಾಜಕ್ಕ.

ಆ ಕಚೇರಿಯಲ್ಲಿ ನಾನು ವರದಿಗಳ ಭಾಷೆ ತಿದ್ದುವವನು. ಅದಕ್ಕೆ ಮುಂಚೆ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆನಾದ್ದರಿಂದ ಎಲ್ಲರಿಗೂ ಮೇಷ್ಟ್ರು. ವಿಜ್ಞಾನಿಗಳು ಬರೆದದ್ದನ್ನು ಮನುಷ್ಯರು ಓದುವ ಹಾಗೆ ಮಾಡುವುದು ನನ್ನ ಉದ್ಯೋಗ. ಸಿಟ್ಟು ಮೂಗಿನ ತುದಿಯಲ್ಲಿ ಇಟ್ಟುಕೊಂಡೇ ಹುಟ್ಟಿದ ನನಗೆ ಈ ಕೆಲಸ ಸಿಕ್ಕಿದ್ದು ನನ್ನ ಕರ್ಮವೋ ಅವರ ಕರ್ಮವೋ, ದೇವರಿಗೇ ಗೊತ್ತು. ಅಂದಾಜಕ್ಕನ ವರದಿಗಳಲ್ಲಿ ಪುಟಕ್ಕೆ ಹತ್ತು "ಬಹುಶಃ" ಇರುತ್ತಿದ್ದವು. ನಾನು ಬೆಳಿಗ್ಗೆ ಅವನ್ನು ಕಳೆ ಕೀಳುವ ಹಾಗೆ ಕಿತ್ತು ಹಾಕಿದರೆ ಸಂಜೆಯ ಹೊತ್ತಿಗೆ ಆಕೆ ಒಂದೊಂದನ್ನೂ ಹುಡುಕಿ, ಅದದರ ಜಾಗದಲ್ಲೇ, ಪೆನ್ಸಿಲ್ಲಿನಲ್ಲಿ ಪುನಃ ನೆಟ್ಟಿರುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಕೆಯೂ ಅದೇ ಜಾತಿಯವಳೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಬಂದರಿನ ಬೆನ್ನಿಗೆ ಒರಗಿಕೊಂಡ ನಾಲ್ಕು ಅಂತಸ್ತಿನ ಕಟ್ಟಡ ನಮ್ಮದು. ಕೆಳಗೆ ಮೀನಿನ ಹರಾಜು, ಮೇಲೆ ಮೀನಿನ ಭವಿಷ್ಯ. ಮೂರನೆಯ ಅಂತಸ್ತಿನ ಕೊನೆಯಲ್ಲಿ, ಲೆಕ್ಕದ ಕಂಪ್ಯೂಟರುಗಳು ಬಿಸಿಯಾಗದಿರಲೆಂದು ಸದಾ ಕೊರೆಯುವಂತೆ ತಣ್ಣಗಿಟ್ಟಿದ್ದ ಕೋಣೆಯ ಪಕ್ಕದಲ್ಲಿ ಆಕೆಯ ಮೇಜು. ಬೇಸಿಗೆಯಲ್ಲೂ ಆಕೆ ಅಲ್ಲಿ ತೀರಿಹೋದ ತಂದೆಯ ದಪ್ಪ ಉಣ್ಣೆಯ ಕೋಟು ತೊಟ್ಟು ಕೂರುತ್ತಿದ್ದಳು. ದೋಣಿ ನಡೆಸುತ್ತಿದ್ದ ಆಜಾನುಬಾಹುವಿನ ಕೋಟು ಅದು. ತೋಳುಗಳನ್ನು ಮೂರು ಮಡಿಕೆ ಮಡಚಿದರೂ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ಎಡಜೇಬಿನಲ್ಲಿ ಪೆನ್ಸಿಲ್ಲು, ಬಲಜೇಬಿನಲ್ಲಿ ಒಣಶುಂಠಿಯ ಚೂರುಗಳು. ಕಡಲಿನ ಬಗ್ಗೆ ಹೆಚ್ಚು ಯೋಚಿಸಿದರೂ ಆಕೆಗೆ ಹೊಟ್ಟೆ ತೊಳಸುತ್ತಿತ್ತು. ನಗಬೇಡಿ, ನಿಜವಾಗಿಯೂ. ಮೂರು ತಲೆಮಾರು ದೋಣಿಯಲ್ಲೇ ಬದುಕಿದ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದ ಹತ್ತೇ ನಿಮಿಷಕ್ಕೆ ಕರುಳು ಕಿತ್ತು ಬಾಯಿಗೆ ಬರುವಂಥ ಹೆಣ್ಣು ಅದು. "ಕಡಲು ಕಂಡ್ರೆ ಕಕ್ಕೋ ಕಡಲ ಪಂಡಿತೆ" ಎಂದು ಆಕೆಯ ತಮ್ಮ, ಈಗ ಅಪ್ಪನ ದೋಣಿ ನಡೆಸುವವನು, ಎಲ್ಲರೆದುರಿಗೂ ಗೇಲಿ ಮಾಡುತ್ತಿದ್ದ. ಆಕೆ ನಗುತ್ತಿದ್ದಳು, ನಡೆಯುವಾಗ ಮಾತ್ರ, ನೆಲವೂ ಯಾವ ಕ್ಷಣದಲ್ಲಾದರೂ ವಾಲೀತು ಎಂಬಂತೆ, ಗೋಡೆಗೆ ಒಂದು ಕೈ ತಾಗಿಸಿಕೊಂಡೇ ನಡೆಯುತ್ತಿದ್ದಳು.

ಆಕೆಯ ಕೆಲಸವೇನೆಂದು ಕೇಳುವವರಿಗೆ ನಾನು ಹೀಗೆ ಹೇಳುತ್ತಿದ್ದೆ. ಕಡಲಿನ ನಕ್ಷೆಯ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡುತ್ತಾಳೆ. ಹನ್ನೆರಡು ಸಾವಿರ ಚಿಲ್ಲರೆ ಚೌಕಗಳು. ಅವನ್ನು ಆಕೆ ಮನೆಗಳೆನ್ನುತ್ತಾಳೆ. ಒಂದೊಂದು ಮನೆಯ ತಳದಲ್ಲಿ ನೀರೆಷ್ಟು ಬೆಚ್ಚಗಿದೆ, ಉಸಿರಾಡಲು ಗಾಳಿ ಎಷ್ಟು ಕರಗಿದೆ, ತಿನ್ನಲು ಏನಿದೆ, ಯಾವ ಮೀನು ಎಷ್ಟು ಬಿಸಿ ತಡೆಯುತ್ತದೆ, ಎಲ್ಲವನ್ನೂ ಲೆಕ್ಕಕ್ಕೆ ಹಾಕಿ, ವರ್ಷದಿಂದ ವರ್ಷಕ್ಕೆ ಕಡಲು ಕಾಯುತ್ತ ಹೋದರೆ ಯಾವ ಮನೆ ಯಾವಾಗ ಖಾಲಿಯಾಗುತ್ತದೆ, ಒಕ್ಕಲೆದ್ದ ಮೀನು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾಳೆ. ಆದರೆ ನಾಳಿನ ಲೆಕ್ಕಕ್ಕೆ ನಿನ್ನೆಯ ಸಾಕ್ಷಿ ಬೇಕು. ಮೀನು ನಿಜವಾಗಿ ಎಲ್ಲೆಲ್ಲಿತ್ತು ಎಂದು ತಿಳಿಯಲು ಇದ್ದ ಸಾಕ್ಷಿಯೆಂದರೆ ದೋಣಿಗಳ ದಾಖಲೆ ಪುಸ್ತಕಗಳು: ಯಾವ ದಿನ, ಯಾವ ಜಾಗ, ಎಷ್ಟು ತೂಕ. ಅರವತ್ತಮೂರು ದೋಣಿಗಳ ಪುಸ್ತಕಗಳಲ್ಲಿ ಆಕೆ ಹೆಚ್ಚು ನೆಚ್ಚಿದ್ದು ತನ್ನ ತಂದೆಯದನ್ನು. ಮೂವತ್ತೊಂದು ವರ್ಷ, ಒಂದು ದಿನವೂ ಬಿಡದೆ, ಮುತ್ತು ಪೋಣಿಸಿದಂಥ ಅಕ್ಷರ. ಆ ಪುಟಗಳನ್ನು ತಿರುವುವಾಗ ಆಕೆಯ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನಾನು ಬೇರೆ ಯಾವಾಗಲೂ ಕಂಡದ್ದಿಲ್ಲ.

ನಮ್ಮ ಕರಾವಳಿ ಬದುಕಿದ್ದೇ ಬೂದುಗೆರೆ ಎಂಬ ಮೀನಿನ ಮೇಲೆ. ತಣ್ಣೀರಿನ ಜೀವ, ಕಡಲು ಬೆಚ್ಚಗಾದಂತೆಲ್ಲ ಸೊರಗುತ್ತ ಬಂದಿತ್ತು. ಅದು ಮರಿ ಮಾಡುವ ಜಾಗವನ್ನು ಗುರುತಿಸಿದರೆ ಅಲ್ಲಿ ಬಲೆ ಹಾಕುವುದನ್ನು ನಿಲ್ಲಿಸುತ್ತೇವೆ ಎಂದಿತ್ತು ಸರ್ಕಾರ. ಅಂದಾಜಕ್ಕ ನಾಲ್ಕು ವರ್ಷ ಗೇಯ್ದು ನಕ್ಷೆ ಮಾಡಿದಳು: ದೀಪಸ್ತಂಭದ ಮುಂದಿನ ಮನೆಗಳನ್ನು ಮುಚ್ಚಬೇಕು, ಮಿಕ್ಕ ಕಡಲು ತೆರೆದಿರಲಿ. ಇನ್ನೂರು ಪ್ರತಿ ಅಚ್ಚಾಯಿತು. ಶನಿವಾರ ಅಹವಾಲು ಸಭೆ. ಅಲ್ಲಿ ಒಪ್ಪಿಗೆಯಾದರೆ ಮುಂದಿನ ಹತ್ತು ವರ್ಷ ಯಾರೂ ಅದನ್ನು ತಿದ್ದುವ ಹಾಗಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕಡಲು ವಿಪರೀತ ಕಾದಿದ್ದ ಏಳು ವರ್ಷಗಳಲ್ಲಿ ದೀಪಸ್ತಂಭದ ಮುಂದೆ ಬೂದುಗೆರೆ ಇರಲೇಬಾರದು ಎನ್ನುತ್ತಿತ್ತು ಲೆಕ್ಕ, ಬೇಕಾದಷ್ಟಿತ್ತು ಎನ್ನುತ್ತಿತ್ತು ಅಪ್ಪನ ಪುಸ್ತಕ. ಆಕೆ ಪುಟದ ಕೆಳಗೆ ಸಣ್ಣಕ್ಷರದಲ್ಲಿ "ಈ ಏಳು ವರ್ಷ ಹೊಂದುತ್ತಿಲ್ಲ, ಕಾರಣ ತಿಳಿಯದು" ಎಂದು ಟಿಪ್ಪಣಿ ಬರೆದಿದ್ದಳು. "ಸಭೆಯಲ್ಲಿ ಅದೊಂದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ, ತೆಗೀರಿ ಮೇಷ್ಟ್ರೇ" ಎಂದರು ನಿರ್ದೇಶಕರು. ಅಚ್ಚಿಗೆ ಹೋಗುವ ಹಿಂದಿನ ದಿನ ನಾನು ತೆಗೆದೆ. ವಾಕ್ಯ ಹಗುರವಾಯಿತೆಂದು ಸಂತೋಷವನ್ನೂ ಪಟ್ಟೆ.

ಮಂಗಳವಾರ ಮಧ್ಯಾಹ್ನ ತಮ್ಮ ಬಂದ. ಅಮ್ಮ ಅವನ ಮನೆಯಲ್ಲೇ ಇದ್ದಾರೆ. ಅವರ ಮಾತ್ರೆಯ ಚೀಟಿ ಕೊಡಲು ಬಂದವನು, ಗೋಡೆಗೆ ಹಚ್ಚಿದ್ದ ನಕ್ಷೆಯ ಮುಂದೆ ನಿಂತ. ಕೆಂಪು ಬಳಿದಿದ್ದ ಮನೆಗಳ ಮೇಲೆ ಬೆರಳಿಟ್ಟ. ಆಮೇಲೆ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ಇಲ್ಲಿ ಎಲ್ಲಿದೆ ಮೀನು? ಇಲ್ಲಿ ಅಪ್ಪ ಬಲೆ ತೊಳೀತಿದ್ದ!"

ಅಂದಾಜಕ್ಕನೂ ಅರ್ಧ ನಕ್ಕಳು. "ಪುಸ್ತಕದಲ್ಲಿ ಅಪ್ಪನೇ ಬರೆದಿದಾನಲ್ಲೋ, ದಿನಾ ಬಿಡದೆ."

"ಬರೆಯೋ ಜಾಗ ಬೇರೆ, ಹಿಡಿಯೋ ಜಾಗ ಬೇರೆ. ನಿಜ ಬರೆದ್ರೆ ಮಾರನೇ ದಿನ ಊರೆಲ್ಲ ಅಲ್ಲೇ ಇರ್ತದೆ. ಎಲ್ರೂ ದೀಪಸ್ತಂಭ ಅಂತಾನೇ ಬರೆಯೋದು..." ಎನ್ನುತ್ತಿದ್ದವನು ತಟ್ಟನೆ ಬಾಯಿ ಮುಚ್ಚಿದ. ತಾನು ಏನು ಆಡಿಬಿಟ್ಟೆನೆಂದು ಅವನಿಗೆ ಹೊಳೆದಿತ್ತು.

ಆಕೆ ಕೋಟಿನ ತೋಳಿನಿಂದ ಕೈ ಹೊರಗೆ ತೆಗೆದು ಕುರ್ಚಿಯ ಬೆನ್ನು ಹಿಡಿದುಕೊಂಡಳು. ದಿನ ನಿಜ, ತೂಕ ನಿಜ (ತೂಕ ಹಾಕುವುದು ಕೆಳಗಿನ ಹರಾಜಿನಲ್ಲಿ), ಜಾಗವೊಂದೇ ಸುಳ್ಳು. ಆ ಒಂದು ಸುಳ್ಳಿನ ಮೇಲೆ ನಾಲ್ಕು ವರ್ಷದ ಕಟ್ಟಡ. ಬೇರೆ ಯಾವ ವಿಜ್ಞಾನಿಯಾದರೂ ದೋಣಿಯವರ ಪುಸ್ತಕವನ್ನು ಅನುಮಾನದಿಂದಲೇ ನೋಡುತ್ತಿದ್ದನೇನೋ. ಆ ಅಕ್ಷರ ತನ್ನ ತಂದೆಯದು ಎಂಬ ಒಂದೇ ಕಾರಣಕ್ಕೆ ಈಕೆ, ತನ್ನ ವಯಸ್ಸನ್ನೇ ನಂಬದ ಈಕೆ, ಅದನ್ನು ಕಣ್ಣು ಮುಚ್ಚಿ ನಂಬಿದ್ದಳು.

"ನಿಜವಾದ ಜಾಗ ಎಲ್ಲಿ?" ಎಂದು ಕೇಳಿದಳು.

"ಸುಮ್ಮನಿರಕ್ಕ. ನೀನು ಹೇಳಿದ ಜಾಗ ಮುಚ್ಚಲಿ ಬಿಡು. ಸರ್ಕಾರಕ್ಕೂ ಸಮಾಧಾನ, ನಮಗೂ ಸಮಾಧಾನ, ನಿನಗೂ ಹೆಸರು. ಯಾರಿಗೆ ನಷ್ಟ ಹೇಳು?"

ಯಾರಿಗೂ ನಷ್ಟವಿಲ್ಲದ ತಪ್ಪು! ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಂದಾಜಕ್ಕನಿಗೆ ಆಗಲೇ ಕಾಣಿಸಿತ್ತು: ದೀಪಸ್ತಂಭದ ನೀರು ಮುಚ್ಚಿದರೆ ಅಲ್ಲಿ ಚಿಲ್ಲರೆ ಮೀನು ಹಿಡಿಯುತ್ತಿದ್ದ ದೋಣಿಗಳೂ ಬೇರೆ ಜಾಗ ಹುಡುಕಿಕೊಂಡು ಹೊರಡುತ್ತವೆ. ಖಾಲಿ ಕಣಜಕ್ಕೆ ಬೀಗ ಹಾಕಿ, ಬಿತ್ತನೆ ಕಾಳಿಟ್ಟ ಕಣಜದ ಬಾಗಿಲು ತೆರೆದಿಟ್ಟ ಹಾಗೆ.

ಆಕೆ ಜಗಳವಾಡಲಿಲ್ಲ. "ಈ ವರ್ಷ ಬಂದ ಬೂದುಗೆರೆ ಎಷ್ಟುದ್ದ? ಕೈಯಲ್ಲಿ ತೋರಿಸು" ಎಂದಳು. ಅವನು ಅಂಗೈ ಚಾಚಿ ಮಣಿಕಟ್ಟಿನ ಹತ್ತಿರ ಗೆರೆ ಎಳೆದ. "ಅಪ್ಪನ ಜೊತೆ ನೀನು ಮೊದಲ ಸಲ ಹೋದಾಗ?" ಅವನ ಬೆರಳು ತನ್ನಷ್ಟಕ್ಕೆ ಮೊಣಕೈಯವರೆಗೆ ಏರಿತು. ಏರಿದ ಬೆರಳನ್ನು ಅಲ್ಲೇ ನಿಲ್ಲಿಸಿಕೊಂಡು ಅವನು ತನ್ನ ಕೈಯನ್ನೇ ನೋಡಿಕೊಂಡ.

"ಆ ಜಾಗ ಮುಚ್ಚಿದ್ರೆ ನನ್ನ ಹೊಟ್ಟೆ ಮೇಲೇ ಹೊಡೆದ ಹಾಗೆ, ಗೊತ್ತಲ್ಲ?"

"ಗೊತ್ತು ಕಣೋ."

"ಗುರುವಾರ ಬೆಳಿಗ್ಗೆ ಐದಕ್ಕೆ ಬಾ. ವಾಂತಿ ಆಯ್ತು ಅಂತ ದೋಣಿ ತಿರುಗಿಸಲ್ಲ, ಈಗಲೇ ಹೇಳಿದೀನಿ."

ಆ ಸಂಜೆ ಆಕೆ ಅಮ್ಮನ ಮಾತ್ರೆ ಕೊಡುವ ನೆಪದಲ್ಲಿ ತಮ್ಮನ ಮನೆಗೆ ಹೋಗಿ, "ಅಪ್ಪ ಸುಳ್ಳು ಬರೀತಿದ್ದದ್ದು ನಿನಗೆ ಗೊತ್ತಿತ್ತಾ?" ಎಂದು ಕೇಳಿದಳಂತೆ. ಅಮ್ಮ ಮಾತ್ರೆ ನುಂಗಿ, ನೀರು ಕುಡಿದು, "ಅದು ಸುಳ್ಳಲ್ಲಮ್ಮ, ಬೇಲಿ" ಎಂದರಂತೆ. ಮಾರನೆಯ ದಿನ ಇದನ್ನು ನನಗೆ ಹೇಳಿ ಆಕೆ ಅಪ್ಪನ ಪುಸ್ತಕವನ್ನು ಮುಚ್ಚಿಟ್ಟಳು. "ಬೇಲಿ ಊರಿಗೆ ಹಾಕ್ಲಿ ಮೇಷ್ಟ್ರೇ, ನನಗೂ ಹಾಕಿಬಿಟ್ನಲ್ಲ."

ಬುಧವಾರ ನಿರ್ದೇಶಕರ ಕೋಣೆ. ಬಾಗಿಲು ಹಾಕಿಸಿಕೊಂಡು ಎಲ್ಲ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ನಿವೃತ್ತಿಗೆ ಎಂಟು ತಿಂಗಳಿದ್ದ ಸಾಧಾರಣ ಮನುಷ್ಯರು. "ಇನ್ನೂರು ಪ್ರತಿ ಹೊರಟುಹೋಗಿವೆ. ಸಭೆ ಮುಗೀಲಿ, ಆಮೇಲೆ ನಿಧಾನವಾಗಿ ಒಂದು ತಿದ್ದುಪಡಿ ಬರೆಯೋಣ. ನೀವೇ ಯಾವಾಗಲೂ ಅಂದಾಜು ಅಂದಾಜು ಅಂತೀರಲ್ಲ, ಇದೂ ಒಂದು ಅಂದಾಜು ಅಂದ್ಕೊಳ್ಳಿ" ಎಂದರು. ಒಪ್ಪಿಗೆಯಾದ ಮೇಲೆ ಹತ್ತು ವರ್ಷ ತಿದ್ದುವ ಹಾಗಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಅಂದಾಜಕ್ಕ ಸಿಟ್ಟಾದದ್ದನ್ನು ನಾನು ಅಂದು ಕಂಡೆ. ಕೂಗಲಿಲ್ಲ. "ಅಂದಾಜು ಅಂದ್ರೆ ಎಷ್ಟು ಗೊತ್ತಿಲ್ಲ ಅಂತ ಹೇಳೋದು, ಸರ್. ಗೊತ್ತಿರೋದನ್ನ ಮುಚ್ಚಿಡೋಕೆ ಅದು ಹೊದಿಕೆ ಅಲ್ಲ" ಎಂದಳು. ತೆಗೆದುಹಾಕಿದ ಟಿಪ್ಪಣಿಯ ಮಾತನ್ನು ಆಗಲೇ, ನಿರ್ದೇಶಕರ ಎದುರಿಗೇ, ಹೇಳಿಬಿಟ್ಟೆ. ಆಕೆ ನನ್ನನ್ನು ಒಂದು ಸಲ ನೋಡಿದಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಪ್ರಾಯಶ್ಚಿತ್ತವೆಂದು ನಾನೂ ದೋಣಿಗೆ ಬರುತ್ತೇನೆಂದೆ.

ಗುರುವಾರ ನಸುಕಿನಲ್ಲಿ ಆಳುಗಳಿಗೆಲ್ಲ ರಜೆ ಕೊಟ್ಟು ತಮ್ಮನೊಬ್ಬನೇ ದೋಣಿಯಲ್ಲಿ ನಿಂತಿದ್ದ. ಆಕೆ ಕೋಟು ತೊಟ್ಟು, ನೀರಿನ ತಳದ ಬಿಸಿಯನ್ನು ಅಳೆಯುವ ಉಪಕರಣವನ್ನು ಮಗುವಿನಂತೆ ಎದೆಗವಚಿಕೊಂಡು ಹತ್ತಿದಳು. ಬಂದರು ದಾಟುವ ಮೊದಲೇ ಮೊದಲ ಬಕೆಟ್ಟು ಬೇಕಾಯಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಗೊಣಗಿಕೊಂಡು ನಾನು ಬಕೆಟ್ಟು ತೊಳೆದು ತೊಳೆದು ಕೊಟ್ಟೆ. ತಮ್ಮ ಗೇಲಿ ಕೂಡ ಮಾಡಲಿಲ್ಲ. ಅದೇ ನನಗೆ ಅಲೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗಂಟೆ ಕಳೆದ ಮೇಲೆ ಎಂಜಿನ್ ನಿಲ್ಲಿಸಿ, ನಮ್ಮ ಮುಖ ನೋಡದೆ, "ಇಲ್ಲೇ" ಎಂದ.

ಆಕೆ ಉಪಕರಣವನ್ನು ಹಗ್ಗ ಕಟ್ಟಿ ಇಳಿಬಿಟ್ಟಳು. ಮೇಲೆಳೆದು ಓದಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಹದಿನೈದರಿಂದ ಹದಿನಾರು" ಎಂದಳು. ಆಮೇಲೆ ಬಹಳ ಮೆಲ್ಲಗೆ, "ಇದಲ್ಲ ಕಣೋ. ಇಷ್ಟು ಬೆಚ್ಚನೆ ನೀರಲ್ಲಿ ಬೂದುಗೆರೆ ಮೊಟ್ಟೆ ಇಡಲ್ಲ. ಅಪ್ಪ ನನಗೆ ಬೇಲಿ ಹಾಕಿದ್ದು ಸಾಕು, ನೀನೂ ಹಾಕಬೇಡ" ಎಂದಳು.

ದೋಣಿ ಸುಮ್ಮನೆ ತೊನೆಯುತ್ತಿತ್ತು. ತಮ್ಮ ಬಂದರಿನ ಕಡೆಗೆ ತಿರುಗಿಸಿಬಿಟ್ಟರೆ ಅಲ್ಲಿಗೆ ಎಲ್ಲವೂ ಮುಗಿಯಿತು, ಯಾರೂ ಕೇಳುವಂತಿರಲಿಲ್ಲ. ದೂರದ ಕಾರ್ಖಾನೆಯ ಚಿಮಣಿಯನ್ನೊಮ್ಮೆ, ದೀಪಸ್ತಂಭವನ್ನೊಮ್ಮೆ ನೋಡಿದ. ಆಮೇಲೆ ಸ್ಟವ್ ಹಚ್ಚಿ ಅಪ್ಪನ ಕಾಲದ ಮಸಿ ಹಿಡಿದ ಕೆಟಲಿನಲ್ಲಿ ನೀರಿಟ್ಟು ಎಂಜಿನ್ ಚಾಲೂ ಮಾಡಿದ. ಅಲ್ಲಿಂದ ಚಿಮಣಿ, ದೀಪಸ್ತಂಭ ಒಂದೇ ಸಾಲಿಗೆ ಬರುವಂತೆ ಹಿಡಿದು, ನೀರು ಕುದಿಯುವವರೆಗೆ ನೆಟ್ಟಗೆ ಹೋಗುವುದು. ಅದೇ ಅಪ್ಪ ಮಗನಿಗೆ ಮಾತ್ರ ಹೇಳಿಕೊಟ್ಟ ಲೆಕ್ಕ. ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕ. ಕೆಟಲಿನ ಮುಚ್ಚಳ ತಟಪಟ ಹಾರತೊಡಗಿದಾಗ ಎಂಜಿನ್ ನಿಂತಿತು.

ಉಪಕರಣ ಇಳಿಯಿತು. ಹಗ್ಗ ಮುಗಿಯುವ ತನಕ ಇಳಿಯಿತು. ಕೆಳಗೆಲ್ಲೋ ಕಡಲ ತಳದ ಕಣಿವೆಯೊಂದರಿಂದ ತಣ್ಣೀರು ಏರಿಬರುವ ಜಾಗವಂತೆ ಅದು. ಮೇಲೆಳೆದು ಓದಿದವಳು ಎರಡು ಸಲ, ಮೂರು ಸಲ ನೋಡಿದಳು.

"ಹನ್ನೊಂದು" ಎಂದಳು.

ಅಷ್ಟೇ. ಆಚೆಯಿಲ್ಲ, ಈಚೆಯಿಲ್ಲ. ತಮ್ಮನಿಗೂ ಅದು ತಟ್ಟಿರಬೇಕು, ಚಹಾ ಸುರಿಯುತ್ತಿದ್ದ ಕೈ ನಿಂತಿತು. ಅವನು ಬಿಟ್ಟಿದ್ದ ಗಾಳದ ಹಗ್ಗಕ್ಕೆ ಸ್ವಲ್ಪ ಹೊತ್ತಿನಲ್ಲೇ ಬೂದುಗೆರೆಯೊಂದು ಬಿತ್ತು. ಮೊಣಕೈಯುದ್ದದ ಮೀನು, ಹೊಟ್ಟೆ ತುಂಬ ಮೊಟ್ಟೆ. ಅಕ್ಕ ಅದರ ಹೊಟ್ಟೆಯ ಮೇಲೆ ಬೆರಳಾಡಿಸಿ ತಮ್ಮನ ಕೈಗೆ ಕೊಟ್ಟಳು. ಜನ್ಮದಲ್ಲಿ ಹಿಡಿದ ಮೀನನ್ನು ನೀರಿಗೆ ಬಿಟ್ಟವನಲ್ಲ ಅವನು. ಬಿಟ್ಟ. ಬಿಟ್ಟು, ಕೈ ತೊಳೆದುಕೊಂಡು, "ಮನೇಲಿ ಹೇಳ್ಬೇಡ" ಎಂದ. ಅದಕ್ಕೆ ಆಕೆ ನಗಲು ಹೋಗಿ ಮೂರನೆಯ ಬಕೆಟ್ಟಿಗೆ ಬಗ್ಗಿದಳು.

ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಸಂಜೆಯವರೆಗೆ ನಾವಿಬ್ಬರೂ ಅದೇ ಕೆಲಸ: ಮೂವತ್ತೊಂದು ವರ್ಷದ ದಿನಗಳನ್ನು ನಾನು ಗಟ್ಟಿಯಾಗಿ ಓದುವುದು, ಆಕೆ ಒಂದೊಂದನ್ನೂ ಸುಳ್ಳಿನ ಮನೆಯಿಂದ ಎಬ್ಬಿಸಿ ನಿಜದ ಮನೆಯಲ್ಲಿ ಕೂರಿಸುವುದು. ಲೆಕ್ಕ ಮುಗಿಯಲು ಇನ್ನೂ "ಎಂಟರಿಂದ ಹನ್ನೆರಡು ಗಂಟೆ" ಎಂದು ಹೇಳಿ ಯಂತ್ರಕ್ಕೆ ಒಪ್ಪಿಸಿ ಬಂದಳು. ಶನಿವಾರ ಬೆಳಿಗ್ಗೆ ಪರದೆಯ ಮೇಲೆ ಫಲ ಬಂದಿತ್ತು. ಹೊಂದದೆ ಉಳಿದಿದ್ದ ಏಳು ವರ್ಷಗಳೂ ತಂತಮ್ಮ ಜಾಗದಲ್ಲಿ ಕೂತಿದ್ದವು. ಸುತ್ತಲ ನೀರು ಕಾದ ವರ್ಷಗಳಲ್ಲಿ ಬೂದುಗೆರೆ ತಂಪು ಹುಡುಕಿಕೊಂಡು ಬಂದು ಸೇರುತ್ತಿದ್ದದ್ದು ಅಪ್ಪನ ಜಾಗಕ್ಕೇ. ಮೊಟ್ಟೆಯಿಡುವ ನಾಲ್ಕು ತಿಂಗಳಲ್ಲೂ ಅಲ್ಲಿ ಬಲೆ ಬೀಳುತ್ತಿದ್ದರೆ ಆರರಿಂದ ಹನ್ನೊಂದು ವರ್ಷಕ್ಕೆ ಅದು ಖಾಲಿ. ತಮ್ಮನ ವರಮಾನದ ಮುಕ್ಕಾಲು ಪಾಲು ಬರುವುದೂ ಆ ನಾಲ್ಕು ತಿಂಗಳಲ್ಲೇ.

ಸಭೆ ಹರಾಜು ಕಟ್ಟೆಯ ಮೇಲಿನ ಅಂತಸ್ತಿನ ಉದ್ದ ಕೋಣೆಯಲ್ಲಿ. ಅಧಿಕಾರಿಗಳು ಮುಂದೆ, ದೋಣಿಯವರು ಹಿಂದೆ. ತಮ್ಮ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ. ನಮ್ಮ ನಿರ್ದೇಶಕರು ಕೊನೆಯ ಕ್ಷಣದವರೆಗೂ ಆಕೆಗೆ ಕಣ್ಸನ್ನೆ ಮಾಡುತ್ತಲೇ ಇದ್ದರು. ಅಂದಾಜಕ್ಕ ಕೋಟಿನ ತೋಳು ಮಡಚಿಕೊಂಡು ಎದ್ದು, ಗೋಡೆಗೆ ಕೈ ತಾಗಿಸಿ ನಿಂತು, "ನಿಮ್ಮ ಕೈಯಲ್ಲಿರೋ ವರದಿಯನ್ನ ನಾನು ವಾಪಸ್ ತಗೋತಿದೀನಿ" ಎಂದಳು.

ಗದ್ದಲ. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ, ವ್ಯಂಗ್ಯಕ್ಕೆ ಹೆಸರಾದವರು, ಕನ್ನಡಕ ತೆಗೆದರು. "ನಿಮ್ಮ ಅಭ್ಯಾಸ ನಮಗೆಲ್ಲ ಗೊತ್ತಮ್ಮ. ನೂರಕ್ಕೆ ಎಷ್ಟು ನಂಬಬಹುದು ಇದನ್ನ? ನಲವತ್ತರಿಂದ ಅರವತ್ತಾ?"

"ಸೊನ್ನೆ" ಎಂದಳು ಅಂದಾಜಕ್ಕ.

ಆಮೇಲೆ ಆಕೆ ಹೇಳಬೇಕಾದದ್ದನ್ನೆಲ್ಲ ನಾಲ್ಕೇ ಮಾತಿನಲ್ಲಿ ಹೇಳಿದಳು. "ನಮ್ಮಪ್ಪ ದೋಣಿ ನಡೆಸಿದಷ್ಟು ಕಾಲವೂ ಜಾಗ ಸುಳ್ಳು ಬರೆದ. ಮಗಳು ಅಂತ ನಾನು ಪರೀಕ್ಷೆ ಮಾಡದೆ ನಂಬಿದೆ. ಬೇರೆ ದೋಣಿಗಳ ಪುಸ್ತಕ ನಾನಿನ್ನೂ ಪರೀಕ್ಷೆ ಮಾಡಿಲ್ಲ. ಆದ್ರೆ ಅಪ್ಪನ ಜಾಗ ಎಲ್ಲಿದೆ ಅಂತ ಈಗ ಗೊತ್ತು." ಹೊಸ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದಳು. ಹಿಂದಿನ ಸಾಲುಗಳಲ್ಲಿ ಯಾರೋ "ಮನೆ ಮಗಳೇ ಮನೆಗೆ ಬೆಂಕಿ ಇಟ್ಳು" ಎಂದು ಕೂಗಿದರು. ಇನ್ಯಾರೋ ಬೆಂಚು ಒದ್ದರು.

ಅಧಿಕಾರಿ ಬಿಡಲಿಲ್ಲ. "ಸತ್ತವರ ಮೇಲೆ ಹೇಳೋದು ಸುಲಭ. ಈ ಜಾಗ ನಿಮಗೆ ತೋರಿಸಿದ್ದು ಯಾರು?"

ಸುಳ್ಳು ಪುಸ್ತಕ ಬರೆದವನ ಪರವಾನಗಿ ರದ್ದು; ಎಲ್ಲರಿಗೂ ಗೊತ್ತಿದ್ದ ನಿಯಮ. ಆಕೆ ಬಾಯಿ ಬಿಟ್ಟರೆ ತಮ್ಮನ ಬದುಕು ಹೋಯಿತು, ಬಿಡದಿದ್ದರೆ ನಕ್ಷೆ. ಅತ್ತ ದರಿ, ಇತ್ತ ಪುಲಿ. "ನಾನೇ ಹೋಗಿ ಅಳೆದೆ" ಎಂದಳು. ಇಡೀ ಸಭೆ ಗೊಳ್ಳೆಂದು ನಕ್ಕಿತು. ದೋಣಿ ಕಂಡರೆ ಆಕೆಯ ಗತಿ ಏನೆಂದು ಅರಿಯದವರು ಆ ಬಂದರಿನಲ್ಲಿ ಯಾರಿದ್ದರು? "ಯಾರ ದೋಣಿಯಲ್ಲಮ್ಮ?" ಎಂದರು ಅಧಿಕಾರಿ. ಆಕೆ ಗೋಡೆಗೆ ಒತ್ತಿದ್ದ ಬೆರಳುಗಳು ಬಿಳಿಚಿಕೊಂಡವು. ಅಧಿಕಾರಿ ನಕ್ಷೆಯನ್ನು ಮಡಚತೊಡಗಿದರು. ಒಂದು ಮಡಿಕೆ, ಎರಡು ಮಡಿಕೆ. ನಾನು ಎದ್ದು ನಿಲ್ಲಬೇಕೆಂದುಕೊಂಡೆ. ಏಳಲಿಲ್ಲ, ನಾಚಿಕೆಯಾಗುತ್ತದೆ ಹೇಳಿಕೊಳ್ಳಲು.

"ನನ್ನ ದೋಣೀಲಿ."

ಬಾಗಿಲ ಪಕ್ಕದಿಂದ ಬಂತು ಮಾತು. ತಮ್ಮ ಎದ್ದು ನಿಂತಿದ್ದ. "ನನ್ನ ದೋಣೀಲಿ, ಸ್ವಾಮಿ. ಮೂರು ಬಕೆಟ್ ತುಂಬಿಸಿದಾಳೆ. ಇನ್ನೂ ವಾಸನೆ ಹೋಗಿಲ್ಲ, ಬೇಕಾದ್ರೆ ಬಂದು ಮೂಸಿ ನೋಡಿ. ಜಾಗ ತೋರಿಸಿದ್ದು ನಾನೇ. ಸುಳ್ಳು ಬರೆದಿರೋದೂ ನಾನೇ, ಅಪ್ಪನ ನಂತರ ಒಂಬತ್ತು ವರ್ಷ." ಇಷ್ಟು ಹೇಳಿ, ಅಕ್ಕನ ಕಡೆ ತಿರುಗಿಯೂ ನೋಡದೆ, ಬಾಗಿಲು ತಳ್ಳಿಕೊಂಡು ಮೆಟ್ಟಿಲಿಳಿದು ಹೊರಟುಹೋದ.

ಅಧಿಕಾರಿ ನಕ್ಷೆಯ ಮಡಿಕೆಗಳನ್ನು ಬಿಚ್ಚಿದರು.

ಅಪ್ಪನ ಜಾಗ ವರ್ಷಕ್ಕೆ ನಾಲ್ಕು ತಿಂಗಳು ಮುಚ್ಚಿತು. ನಿಜ ಒಪ್ಪಿಕೊಂಡನೆಂಬ ಕಾರಣಕ್ಕೆ ತಮ್ಮನ ಪರವಾನಗಿಯನ್ನು ರದ್ದು ಮಾಡದೆ ಮೂರು ತಿಂಗಳು ತಡೆಹಿಡಿದರು. ಅವನು ಅಕ್ಕನ ಜೊತೆ ಮಾತು ಬಿಟ್ಟ. ಅಮ್ಮನ ಮಾತ್ರೆಯ ಚೀಟಿ ಈಗ ಅಂಚೆಯಲ್ಲಿ ಬರುತ್ತಿತ್ತು. ಬಂದರಿನಲ್ಲಿ ಎದುರಾದರೆ ರಸ್ತೆ ದಾಟಿಬಿಡುತ್ತಿದ್ದ. ನನಗೆ ರೇಗಿ ಹೋಗಿ, "ಇದೇನು ಮೊಂಡಾಟ ಅವನದು, ಎದ್ದು ನಿಂತು ಹೇಳಿದವನೂ ಅವನೇ, ಈಗ ಮುಖ ತಿರುಗಿಸೋನೂ ಅವನೇ!" ಎಂದು ಹಾರಾಡಿದೆ. ಅಂದಾಜಕ್ಕ ಶುಂಠಿಯ ಚೂರು ಬಾಯಿಗಿಟ್ಟುಕೊಂಡು, "ಎರಡೂ ಅವನೇ ಮೇಷ್ಟ್ರೇ. ಮಾತಾಡ್ತಾನೆ ಬಿಡಿ. ಆರು ತಿಂಗಳಿಂದ ಎರಡು ವರ್ಷ" ಎಂದಳು. ಆ ಎರಡು ಸಂಖ್ಯೆಗಳ ನಡುವೆ ಎಷ್ಟು ಅಳು ಇತ್ತೆಂಬುದು ನನಗೆ ಆವತ್ತು ತಿಳಿಯಿತು.

ಹದಿನಾಲ್ಕನೆಯ ತಿಂಗಳಲ್ಲಿ, ಒಂದು ಸೋಮವಾರ, ದೋಣಿಗಳ ದಾಖಲೆ ಪುಸ್ತಕಗಳ ಕಂತೆ ಎಂದಿನಂತೆ ಮೇಲೆ ಬಂತು. ತಮ್ಮನ ಪುಸ್ತಕವನ್ನು ಆಕೆ ಕೊನೆಗೆ ತೆರೆದಳು. ಯಾವಾಗಲೂ ಕೊನೆಗೇ ತೆರೆಯುತ್ತಿದ್ದಳು. ಪರವಾನಗಿ ಮರಳಿದ ಮೇಲೂ ಅವನು ಜಾಗದ ಅಂಕಣವನ್ನು ಖಾಲಿ ಬಿಡುತ್ತಿದ್ದ. ಸುಳ್ಳು ಬರೆಯಲಾರ, ನಿಜ ಬರೆಯಲೊಲ್ಲ. ಈ ಸಲ ಓರೆಕೋರೆ ಅಕ್ಷರದಲ್ಲಿ ತುಂಬಿತ್ತು: "ಚಿಮಣಿ, ದೀಪಸ್ತಂಭ ಒಂದೇ ಸಾಲು. ನೀರು ಕುದಿದ ಮೇಲೆ ಇನ್ನೂ ಹತ್ತರಿಂದ ಹದಿನೈದು ನಿಮಿಷ." ಅಪ್ಪನ ಜಾಗದಿಂದ ಆಚೆಗೆ, ಮುಚ್ಚಿದ ಗೆರೆಯ ಹೊರಗೆ, ಅವನು ಹುಡುಕಿಕೊಂಡಿದ್ದ ಹೊಸ ಜಾಗ, ಊರಿಗೆಲ್ಲ ಕಾಣುವಂತೆ ಬರೆದಿದ್ದ. ಆಕೆ ಪುಸ್ತಕವನ್ನು ನನ್ನ ಕಡೆ ಸರಿಸಿ, "ಓದಿ ಮೇಷ್ಟ್ರೇ, ನನಗೆ ಸರಿಯಾಗಿ ಕಾಣ್ತಿಲ್ಲ" ಎಂದಳು. ನಾನು ಗಟ್ಟಿಯಾಗಿ ಓದಿದೆ. ಆಕೆ ಕೋಟಿನ ಉದ್ದ ತೋಳಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ನಾನು ಯಾರ ವರದಿಯಲ್ಲೂ "ಬಹುಶಃ" ಎಂಬ ಮಾತನ್ನು ಹೊಡೆದುಹಾಕಿಲ್ಲ. ನಾಳೆ ಹೀಗೇ ಆಗುತ್ತದೆಂದು ಎದೆ ತಟ್ಟಿ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅವರ ಮಾತು ತಪ್ಪಿದ ದಿನ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಅಂದಾಜಕ್ಕನಂಥವರ ಸಂತತಿ ಬೇರೆ. ತಮಗೆಷ್ಟು ಗೊತ್ತಿಲ್ಲವೆಂಬುದನ್ನು ಅವರು ಅಳೆದು ಇಟ್ಟುಕೊಂಡಿರುತ್ತಾರೆ. ಗೊತ್ತಾದ ದಿನ ತಮ್ಮ ಮನೆಯೇ ಅಡ್ಡ ಬಂದರೂ ಸೊನ್ನೆಯನ್ನು ಸೊನ್ನೆ ಎಂದೇ ಹೇಳುತ್ತಾರೆ. ಉಳಿದ ದಿನಗಳಲ್ಲಿ ತಮ್ಮ ಮಾತಿನ ಆಚೆಗೂ ಈಚೆಗೂ ಒಂದಿಷ್ಟು ಜಾಗ ಬಿಟ್ಟೇ ಮಾತಾಡುತ್ತಾರೆ. ಮುನಿಸಿಕೊಂಡು ಹೋದ ತಮ್ಮಂದಿರು ತಿರುಗಿ ಬರುವುದು ಆ ಜಾಗದಲ್ಲೇ.